ಬೀದರಿನ ಖ್ವಾಜಾ ಮತ್ತು ಬಡವರ ಖಜಾನೆ

ಜುಮಾ ಖುತ್ಬಾದಲ್ಲಿ ಸದಕದ ವಿಷಯ ಬಂದಾಗಲೆಲ್ಲ ನಾವು ಮದೀನಾದ ಉದಾಹರಣೆಗಳನ್ನೇ ಹೇಳುತ್ತೇವೆ. ಅದು ಸರಿಯೇ, ಮೂಲ ಅಲ್ಲಿದೆ. ಆದರೆ ಆ ಪಾಠವನ್ನು ನಮ್ಮದೇ ನಾಡಿನ ಕೆಂಪು ಮಣ್ಣಿನಲ್ಲಿ ಬದುಕಿ ತೋರಿಸಿದವರನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಮಕ್ಕಳಿಗೆ ಅವರ ಹೆಸರು ಪರೀಕ್ಷೆಯ ಎರಡು ಅಂಕದ ಪ್ರಶ್ನೆಯಾಗಿ ಮಾತ್ರ ಗೊತ್ತು. ಹಾಗಾಗಿ ಈ ಸಲ ಬೀದರಿನ ಮಾತು.

ಖ್ವಾಜಾ ಮಹಮೂದ್ ಗಾವಾನ್ ಇರಾನಿನ ಗೀಲಾನ್ ಪ್ರಾಂತದವರು. 1453ರ ಸುಮಾರಿಗೆ, ನಲವತ್ತು ದಾಟಿದ ವಯಸ್ಸಿನಲ್ಲಿ, ವ್ಯಾಪಾರಿಯಾಗಿ ಕೊಂಕಣದ ದಾಭೋಳ ಬಂದರಿನಲ್ಲಿ ಇಳಿದರು. ಬೀದರಿಗೆ ಬಂದದ್ದು ಅಲ್ಲಿದ್ದ ಸೂಫಿ ಸಂತ ಶಾಹ್ ಮುಹಿಬ್ಬುಲ್ಲಾಹರನ್ನು ಕಾಣಲು. ಕಂಡು ಹಿಂತಿರುಗಬೇಕಾದವರು ಇಲ್ಲೇ ಉಳಿದರು. ಬಹಮನಿ ಸುಲ್ತಾನರ ಆಸ್ಥಾನದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿ ಪ್ರಧಾನ ಮಂತ್ರಿಯಾದರು. 1472ರಲ್ಲಿ ಗೋವಾ ಗೆದ್ದದ್ದು, ಮರುವರ್ಷ ಬೆಳಗಾವಿ ಗೆದ್ದದ್ದು ಶಾಲೆಯ ಪುಸ್ತಕಗಳಲ್ಲಿದೆ. ಯುದ್ಧದ ಕಥೆ ಅಲ್ಲೇ ಇರಲಿ.

ನಮಗೆ ಮುಖ್ಯವಾದದ್ದು ಇತಿಹಾಸಕಾರ ಫರಿಶ್ತಾ ಬರೆದಿಟ್ಟ ಸಂಗತಿ. ಫರಿಶ್ತಾ ಬಿಜಾಪುರದಲ್ಲಿ ಕುಳಿತು ಬರೆದದ್ದು ಗಾವಾನರ ಕಾಲವಾಗಿ ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ಅಷ್ಟು ದಿನ ಜನ ಆ ಮಾತನ್ನು ಬಾಯಲ್ಲಿ ಇಟ್ಟುಕೊಂಡಿದ್ದರು ಎಂದಾಯಿತು. ಅವರು ಹೇಳುವ ಪ್ರಕಾರ ಗಾವಾನ್ ಜುಮಾ ರಾತ್ರಿಗಳಲ್ಲಿ ವೇಷ ಮರೆಸಿಕೊಂಡು ಬೀದರಿನ ಮೊಹಲ್ಲಾಗಳಲ್ಲಿ ತಿರುಗುತ್ತಿದ್ದರು. ಇಲ್ಲದವರ ಕೈಗೆ ಹಣ ಕೊಟ್ಟು, ಇದು ಸುಲ್ತಾನರು ಕಳಿಸಿದ್ದು, ಅವರಿಗಾಗಿ ದುಆ ಮಾಡಿ ಎನ್ನುತ್ತಿದ್ದರು. ತಮ್ಮ ಹೆಸರು ಹೇಳುತ್ತಿರಲಿಲ್ಲ. ಇಂದು ನಮ್ಮ ಕೆಲವು ಮಸೀದಿಗಳಲ್ಲಿ ಫ್ಯಾನಿನ ರೆಕ್ಕೆಯ ಮೇಲೂ ದಾನಿಯ ಹೆಸರು ಸುತ್ತುತ್ತಿರುತ್ತದೆ. ಹೆಸರು ಬರೆಸುವುದು ತಪ್ಪೆಂದು ನಾವು ಫತ್ವಾ ಕೊಡುತ್ತಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಅಷ್ಟೇ.

ಇಷ್ಟು ಮಾತ್ರ ಆಗಿದ್ದರೆ ಅವರು ಒಬ್ಬ ಉದಾರಿ ಮಂತ್ರಿಯಾಗಿ ಉಳಿಯುತ್ತಿದ್ದರು. 1472ರಲ್ಲಿ ಅವರು ಕಟ್ಟಿಸಿದ ಮದ್ರಸಾ ಬೇರೆಯೇ ಮಾತು. ಮೂರು ಅಂತಸ್ತು, ನಡುವೆ ಅಂಗಳ, ಮೈತುಂಬ ಬಣ್ಣದ ಹೆಂಚುಗಳ ಚಿತ್ತಾರ. ಸುಮಾರು 3,000 ಹಸ್ತಪ್ರತಿಗಳ ಗ್ರಂಥಾಲಯವಿತ್ತು. ವಿದ್ಯಾರ್ಥಿಗಳೂ ಉಸ್ತಾದರೂ ಒಂದೇ ಸೂರಿನಡಿ ಇರುತ್ತಿದ್ದರು. ಮದ್ರಸಾದಲ್ಲಿ ಓದಿ, ಆಮೇಲೆ ಕಾಲೇಜಿನಲ್ಲಿ ಬಿ.ಎ. ಮಾಡಿದ ನಮ್ಮಂಥವರಿಗೆ ಆ ಕಟ್ಟಡದ ಮುಂದೆ ನಿಂತಾಗ ಹೆಮ್ಮೆಗಿಂತ ಮೊದಲು ಬರುವುದು ಹೊಟ್ಟೆಕಿಚ್ಚು! ಸುಮಾರು ಇನ್ನೂರು ವರ್ಷ ಪಾಠ ನಡೆದ ಮೇಲೆ, 17ನೇ ಶತಮಾನದ ಕೊನೆಗೆ, ಮೊಘಲರ ಆಳ್ವಿಕೆಯಲ್ಲಿ ಒಳಗಿಟ್ಟಿದ್ದ ಸಿಡಿಮದ್ದು ಸ್ಫೋಟಿಸಿ ಅರ್ಧಭಾಗ ಕುಸಿಯಿತು. ಪುಸ್ತಕ ಇರಬೇಕಾದ ಕಡೆ ಮದ್ದು ತುಂಬಿದವರ ಬುದ್ಧಿಗೆ ಏನೆನ್ನೋಣ. ಇಂದು ಒಂದು ಮಿನಾರ ಮಾತ್ರ ನಿಂತಿದೆ.

ಈಗ ನೀರಿನ ಮಾತು. ಬೀದರ್ ಇರುವುದು ಕೆಂಪು ಜಂಬಿಟ್ಟಿಗೆಯ ಎತ್ತರದ ಮೇಲೆ. ಮಳೆ ನೀರು ಆ ಕಲ್ಲಿನ ರಂಧ್ರಗಳಲ್ಲಿ ಇಳಿದು, ಕೆಳಗಿನ ಗಟ್ಟಿ ಕರಿಕಲ್ಲನ್ನು ಮುಟ್ಟಿ, ಅಲ್ಲಿಂದ ಅಡ್ಡಕ್ಕೆ ಹರಿಯುತ್ತದೆ. ಬಹಮನಿ ಕಾಲದವರು ಇದನ್ನು ಅರಿತು, ಇರಾನಿನ ಪದ್ಧತಿಯಂತೆ ನೆಲದೊಳಗೆ ಕಿಲೋಮೀಟರುಗಟ್ಟಲೆ ಸುರಂಗ ತೋಡಿದರು. ಅದೇ ಕರೇಜ್, ಸ್ಥಳೀಯರ ಬಾಯಲ್ಲಿ ಸುರಂಗ ಬಾವಿ. ಮೇಲಿನಿಂದ ಸಾಲಾಗಿ ಬಾವಿಯಂಥ ಕಿಂಡಿಗಳು, ಗಾಳಿಗೂ, ನೀರು ಸೇದಲಿಕ್ಕೂ, ಹೂಳು ತೆಗೆಯಲಿಕ್ಕೂ. ರಾಟೆ ಬೇಡ, ಎತ್ತು ಬೇಡ. ಇಳಿಜಾರಿನಲ್ಲಿ ನೀರು ತಾನಾಗಿ ಬರುತ್ತದೆ. ಬಿಸಿಲಿಗೆ ಆವಿಯಾಗುವುದೂ ಇಲ್ಲ. ಕೋಟೆಯೊಳಗೆ ಸೋಲಾ ಖಂಬ ಮಸೀದಿಯ ಮುಂದೆ ಲಾಲ್ ಬಾಗ್ ಎಂಬ ತೋಟ, ನಂತರದ ಬರೀದ್ ಶಾಹಿಗಳ ಸಮಾಧಿಗಳ ಸುತ್ತ ಇನ್ನೂ ದೊಡ್ಡ ತೋಟಗಳು. ಇಂಥ ಬಿಸಿಲುನಾಡಿನಲ್ಲಿ ತೋಟ ಮಾಡುವುದೆಂದರೆ ಮೊದಲು ನೀರನ್ನು ಅರಿಯಬೇಕು.

ಗಿಡ ನೆಟ್ಟವನಿಗೆ, ಅದರಿಂದ ಹಕ್ಕಿ ತಿಂದರೂ ಮನುಷ್ಯ ತಿಂದರೂ ಪ್ರಾಣಿ ತಿಂದರೂ ಸದಕದ ಪುಣ್ಯವಿದೆ ಎಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ. ಹಕ್ಕಿಯ ಜಾತಿ ಕೇಳಲು ಹೇಳಿಲ್ಲ. ಕರೇಜ್ ಕೂಡ ಹಾಗೆಯೇ, ನೀರು ಸೇದುವವರು ಯಾರೆಂದು ಕೇಳುವುದಿಲ್ಲ. ಆದರೆ ಒಂದು ಕಟ್ಟುಪಾಡು ಇದೆ: ಮೇಲಿನ ಒಂದು ಕಡೆ ಮಣ್ಣು ಕುಸಿದರೆ ಕೆಳಗಿನವರೆಲ್ಲರಿಗೂ ನೀರಿಲ್ಲ. ಹೂಳು ತೆಗೆಯುವ ಕೆಲಸ ನಿಂತಾಗ ಬೀದರಿನ ನೌಬಾದಿನಲ್ಲಿ ಆದದ್ದು ಅದೇ. ಕಿಂಡಿಗಳಲ್ಲಿ ಕಸ ಬಿತ್ತು, ಕೆಲವು ಮುಚ್ಚಿಹೋದವು, ಕೆಳಗೊಂದು ನದಿಯಿದೆ ಎಂಬುದೇ ಜನಕ್ಕೆ ಮರೆಯಿತು. ಇತ್ತೀಚಿನ ವರ್ಷಗಳಲ್ಲಿ ಹೂಳೆತ್ತಿದಾಗ ನೀರು ಮತ್ತೆ ಕಂಡಿತು. ಇತ್ತ ನಮ್ಮ ಮಸೀದಿಗಳಲ್ಲಿ ದಿನಕ್ಕೆ ಐದು ಹೊತ್ತಿನ ವುಝೂ ನೀರು ನೇರ ಚರಂಡಿಗೆ ಹೋಗುತ್ತದೆ. ನಾಲ್ಕು ನಿಂಬೆ ಗಿಡ, ಎರಡು ಕರಿಬೇವಿನ ಗಿಡಕ್ಕೆ ಅದನ್ನು ತಿರುಗಿಸಲು ಸುಲ್ತಾನರ ಅಪ್ಪಣೆ ಬೇಕಿಲ್ಲ.

ಇನ್ನು ಬಿದ್ರಿ. ಇರಾನಿನಿಂದ ಬಂದ ಕುಶಲಕರ್ಮಿಯೊಬ್ಬರು ಈ ಕಲೆಯನ್ನು ಬಹಮನಿ ಕಾಲದಲ್ಲಿ ತಂದರೆಂದು ಪ್ರತೀತಿ. ಬಂದದ್ದು ಎಲ್ಲಿಂದಲೇ ಆಗಲಿ, ಅದನ್ನು ಬಿದ್ರಿ ಮಾಡಿದ್ದು ಬೀದರಿನ ಮಣ್ಣೇ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ, ಮಣ್ಣಿನ ಅಚ್ಚಿನಲ್ಲಿ ಹೂಜಿಯನ್ನೋ ತಟ್ಟೆಯನ್ನೋ ಎರಕ ಹೊಯ್ಯುತ್ತಾರೆ. ಅರ ಹಾಕಿ ನಯ ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ, ಗೆರೆ ಎದ್ದು ಕಾಣಲೆಂದು. ಉಳಿಯಿಂದ ಹೂಬಳ್ಳಿ ಕೆತ್ತಿ, ಆ ಗೀರಿನೊಳಗೆ ಬೆಳ್ಳಿಯ ತಂತಿಯನ್ನು ಸುತ್ತಿಗೆಯಿಂದ ಮೆಲ್ಲಗೆ ಕೂರಿಸುತ್ತಾರೆ. ಈ ಹಂತದಲ್ಲಿ ನೋಡಿದರೆ ಬೆಳ್ಳಿ ಯಾವುದು ಸತುವು ಯಾವುದು ಗೊತ್ತಾಗುವುದಿಲ್ಲ. ತಿಂಗಳ ದುಡಿಮೆ ವ್ಯರ್ಥವಾದಂತೆ ಕಾಣುತ್ತದೆ. ಆಮೇಲೆ ಕೋಟೆಯ ಹಳೆಯ ಭಾಗದ, ಬಿಸಿಲು ಮಳೆ ಕಾಣದ ಮಣ್ಣನ್ನು ತಂದು, ನವಸಾಗರದ ಜೊತೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಉಜ್ಜುತ್ತಾರೆ. ಸತುವು ಕಡುಗಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿದು ಹೊಳೆಯುತ್ತದೆ. ಮಣ್ಣು ಸರಿಯಾದದ್ದೇ ಎಂದು ಹಳೆಯ ಕುಶಲಕರ್ಮಿಗಳು ನಾಲಿಗೆಗೆ ಮುಟ್ಟಿಸಿ ನೋಡುತ್ತಾರೆ.

ಎರಕ ಒಬ್ಬರದು, ಕೆತ್ತನೆ ಇನ್ನೊಬ್ಬರದು, ಬೆಳ್ಳಿ ಕೂರಿಸುವುದು ಮತ್ತೊಬ್ಬರದು. ಈ ಕೈಗಳಲ್ಲಿ ಮುಸ್ಲಿಮರೂ ಇದ್ದಾರೆ, ಹಿಂದೂಗಳೂ ಇದ್ದಾರೆ. ಮದ್ರಸಾ ಒಂದೇ ಸ್ಫೋಟಕ್ಕೆ ಬಿತ್ತು, ಬಿದ್ರಿ ಉಳಿಯಿತು. ಅದು ಒಂದು ಕಟ್ಟಡದಲ್ಲಿರಲಿಲ್ಲ, ಮನೆಮನೆಯ ಜಗಲಿಯಲ್ಲಿತ್ತು ಎಂಬುದು ನಮ್ಮ ಅಭಿಪ್ರಾಯ. 2006ರಲ್ಲಿ ಅದಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಬಂತು. 2023ರಲ್ಲಿ ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಸಿಕ್ಕಿತು. ಸಂತೋಷವೇ. ಆದರೆ ಈ ಕೆಲಸದ ಕೂಲಿಯಲ್ಲಿ ಸಂಸಾರ ಸಾಗದೆ ಎಷ್ಟೋ ಮನೆಯ ಮಕ್ಕಳು ಬೇರೆ ದಾರಿ ಹಿಡಿಯುತ್ತಿದ್ದಾರೆ. ಝಕಾತಿನ ಹಣವನ್ನು ರಮಝಾನಿನಲ್ಲಿ ನೂರು ನೂರು ರೂಪಾಯಿ ಹಂಚಿ ಮುಗಿಸುವ ಜಮಾಅತಿನವರು, ಅರ್ಹನಾದ ಒಬ್ಬ ಬಡ ಹುಡುಗನ ಕೈಗೆ ಕಸುಬಿನ ಹತಾರ ಬರುವಷ್ಟು ಕೊಡುವುದನ್ನು ಯೋಚಿಸಬಾರದೇ?

ಬೀದರಿನ ಪಕ್ಕದ ಅಷ್ಟೂರಿನಲ್ಲಿ ಸುಲ್ತಾನ್ ಅಹ್ಮದ್ ಶಾಹ್ ವಲಿಯ ಗುಮ್ಮಟವಿದೆ. ಗುಲ್ಬರ್ಗಾದಿಂದ ರಾಜಧಾನಿಯನ್ನು ಬೀದರಿಗೆ ತಂದವರು ಇವರೇ. ಅವರ ಉರೂಸ್ ನಡೆಯುವುದು ಹಿಂದೂ ಪಂಚಾಂಗದ ಲೆಕ್ಕದಲ್ಲಿ; ಆರಂಭವಾಗುವುದು ಮಾಡ್ಯಾಳದ ಜಂಗಮರು ನಡೆದು ಬಂದ ಮೇಲೆ. ಲಿಂಗಾಯತ ಭಕ್ತರು ಆ ಸುಲ್ತಾನರಲ್ಲಿ ಅಲ್ಲಮಪ್ರಭುವನ್ನು ಕಾಣುತ್ತಾರೆ. ಉರೂಸಿನ ವಿಷಯದಲ್ಲಿ ಉಲಮಾಗಳ ನಡುವೆ ಇರುವ ಭಿನ್ನಾಭಿಪ್ರಾಯ ನಮಗೆ ತಿಳಿದಿದೆ, ಇಲ್ಲಿ ಅದನ್ನು ಬಿಡಿಸುತ್ತಾ ಕೂರುವುದಿಲ್ಲ. ಆರು ಶತಮಾನದ ಹಿಂದಿನ ದೊರೆಯೊಬ್ಬರ ಬಾಗಿಲಿಗೆ ಅನ್ಯಧರ್ಮದ ನೆರೆಯವರು ಪ್ರೀತಿಯಿಂದ ಬರುವಂಥದ್ದು ಹೇಗೆ ಸಂಪಾದನೆಯಾಯಿತು ಎಂದಷ್ಟೇ ಕೇಳುತ್ತೇವೆ. ಅದೇ ಊರಿನ ಗುರುನಾನಕ್ ಝೀರಾದಲ್ಲಿ ಬಂಡೆಯಿಂದ ಸಿಹಿನೀರು ಬರುತ್ತದೆ, ಲಂಗರಿನಲ್ಲಿ ಬಂದವರಿಗೆಲ್ಲ ಊಟವಿದೆ.

ಇಷ್ಟೆಲ್ಲ ಇದ್ದ ಊರು ತನ್ನ ಖ್ವಾಜಾನನ್ನು ಮಾತ್ರ ಉಳಿಸಿಕೊಳ್ಳಲಿಲ್ಲ. ಆಸ್ಥಾನದಲ್ಲಿ ಎರಡು ಬಣ: ಇಲ್ಲಿಯೇ ನೆಲೆಯೂರಿದ ದಖ್ಖನಿಗಳು, ಹೊರಗಿನಿಂದ ಬಂದ ಆಫಾಕಿಗಳು. ಎರಡೂ ಕಡೆಯವರು ಕಲಿಮಾ ಓದುವವರೇ, ಒಂದೇ ಸಫ್‌ನಲ್ಲಿ ನಿಲ್ಲುವವರೇ. ಗಾವಾನ್ ಹುದ್ದೆಗಳನ್ನು ಇಬ್ಬರಿಗೂ ಹಂಚಿ ತೂಗಿಸಲು ನೋಡಿದರು. ಪ್ರಾಂತಾಧಿಕಾರಿಗಳ ಬಲ ಕುಗ್ಗಿಸಲು ನಾಲ್ಕು ಪ್ರಾಂತಗಳನ್ನು ಎಂಟು ಮಾಡಿದ್ದು ಹಲವರಿಗೆ ಸಹಿಸಲಾಗಲಿಲ್ಲ. ಅವರ ಮುದ್ರೆ ಇಟ್ಟುಕೊಂಡಿದ್ದವನಿಗೆ ಕುಡಿಸಿ, ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿ, ಒರಿಸ್ಸಾದ ರಾಜನಿಗೆ ಬರೆದ ದ್ರೋಹದ ಪತ್ರವೆಂದು ಸುಲ್ತಾನರ ಮುಂದಿಟ್ಟರು. ವಿಚಾರಣೆ ನಡೆಯಲಿಲ್ಲ. 1481ರ ಏಪ್ರಿಲ್ 5ರಂದು ಎಪ್ಪತ್ತು ದಾಟಿದ ಆ ವೃದ್ಧರ ತಲೆ ಕತ್ತರಿಸಲಾಯಿತು. ಮರುವರ್ಷ ಸುಲ್ತಾನರೂ ತೀರಿಕೊಂಡರು. ಮುಂದೆ ರಾಜ್ಯ ಐದು ಹೋಳಾಯಿತು.

ಕೊಲ್ಲಿಸಿದ ಮೇಲೆ ಸುಲ್ತಾನರು ಗಾವಾನರ ಖಜಾಂಚಿಯನ್ನು ಕರೆಸಿ, ಅಷ್ಟು ದೊಡ್ಡ ಮಂತ್ರಿಯ ಸಂಪತ್ತು ಎಲ್ಲಿ ಎಂದು ಕೇಳಿದರೆಂದು ಫರಿಶ್ತಾ ಬರೆಯುತ್ತಾರೆ. ಖಜಾಂಚಿ ಕೊಟ್ಟ ಲೆಕ್ಕ ಹೀಗಿತ್ತು: ಖಜಾನೆ ಎರಡು. ಒಂದು ಸುಲ್ತಾನರದು, ಜಹಗೀರಿನ ಆದಾಯವೆಲ್ಲ ಅದರಲ್ಲಿ ಬಿದ್ದು ಸೈನ್ಯಕ್ಕೆ, ಆನೆ ಕುದುರೆಗಳಿಗೆ ಹೋಗುತ್ತಿತ್ತು. ಇನ್ನೊಂದು ಬಡವರದು. ಖ್ವಾಜಾ ತಮ್ಮ ಊಟ ಬಟ್ಟೆಗೆ ಎರಡನ್ನೂ ಮುಟ್ಟುತ್ತಿರಲಿಲ್ಲ. ಇರಾನಿನಿಂದ ತಂದಿದ್ದ ಬಂಡವಾಳದಲ್ಲಿ ವ್ಯಾಪಾರ ನಡೆಸಿ, ಅದರ ಲಾಭದಲ್ಲಿ ತಮ್ಮ ಖರ್ಚಿಗಷ್ಟು ಇಟ್ಟುಕೊಂಡು, ಮಿಕ್ಕದ್ದನ್ನು ಬಡವರ ಖಜಾನೆಗೆ ಹಾಕುತ್ತಿದ್ದರು. ಸುಲ್ತಾನರು ನೋಡಿದಾಗ ಅದರಲ್ಲಿ ಉಳಿದಿದ್ದದ್ದು ಅತ್ಯಲ್ಪ. ಉಳಿದದ್ದೆಲ್ಲ ಅದಾಗಲೇ ಬೀದರಿನ ಮೊಹಲ್ಲಾಗಳಲ್ಲಿ, ಸುಲ್ತಾನರದೇ ಹೆಸರಿನಲ್ಲಿ, ಹಂಚಿಹೋಗಿತ್ತು.