ತತ್ತಿ ಇಡೋ ಪ್ರಾಣಿ, ನಂಬದ ಪಂಡಿತರು

ಹಿತ್ತಲ ಗಿಡ ಮದ್ದಲ್ಲ ಅಂತ ನಮ್ಮ ಹಿರ್ಯಾರು ಸುಮ್ಮನ ಹೇಳಿಲ್ಲ ನೋಡ್ರಿ. ಮನ್ಯಾಗಿದ್ದವರು ಹೇಳಿದ ಮಾತಿಗೆ ಕಿಮ್ಮತ್ತು ಇರೂದಿಲ್ಲ. ಅದೇ ಮಾತನ್ನ ಹೊರಗಿನವರು ಯಾರರೆ ಬಂದು ಹೇಳಿದ್ರ ಎಲ್ಲಾರೂ ಹೌದ್ಹೌದು ಅಂತಾರ. ಈ ಗಾದಿ ಮಾತಿಗೆ ದೂರದ ಆಸ್ಟ್ರೇಲಿಯಾದಾಗ ಒಂದು ದೊಡ್ಡ ಸಾಕ್ಷಿ ಅದ. ಅದು ಪ್ಲಾಟಿಪಸ್ ಅನ್ನೋ ಪ್ರಾಣಿಯ ಇತಿಹಾಸ. ಓದಿದಾಗಿಂದ ನನಗ ಯಾರಿಗರೆ ಹೇಳಬೇಕು ಅಂತ ಅನಸ್ತಿತ್ತು, ಅದಕ್ಕ ಇವತ್ತು ಬರದೇನಿ.

ಮೊದಲ ಪ್ರಾಣಿ ಹೆಂಗಿರ್ತದ ಅಂತ ಹೇಳ್ತೀನಿ. ಬೆಕ್ಕಿಗಿಂತ ಸಣ್ಣದು, ಸುಮಾರು ಒಂದರಿಂದ ಎರಡು ಕಿಲೋ ತೂಕ. ಮೈಮ್ಯಾಲೆ ಕಂದು ಬಣ್ಣದ ದಟ್ಟ ಕೂದಲು, ನೀರಾಗ ಮುಳುಗಿದ್ರೂ ಚರ್ಮಕ್ಕ ನೀರು ತಾಕೂದಿಲ್ಲ. ಮೂತಿ ಬಾತುಕೋಳಿ ಕೊಕ್ಕಿನ ಹಂಗ, ಬಾಲ ಅಗಲಾಗಿ ಚಪ್ಪಟಿ, ಕಾಲಬೆರಳ ನಡುವೆ ಈಜಲಿಕ್ಕೆ ಚರ್ಮದ ಪರದೆ. ಗಂಡಿನ ಹಿಂಗಾಲಿಗೆ ಒಂದು ವಿಷದ ಮುಳ್ಳು ಇರ್ತದ. ಅದು ಚುಚ್ಚಿದ್ರ ಮನುಷ್ಯಾ ಸಾಯೂದಿಲ್ಲ, ಆದ್ರ ಕೈ ಬಾತು, ಮಾರ್ಫಿನ್ ಕೊಟ್ಟರೂ ಬಗ್ಗದಂಥಾ ನೋವು ಆಗ್ತದ. ದೊಡ್ಡದಾದ ಮ್ಯಾಲೆ ಬಾಯಾಗ ಹಲ್ಲಿಲ್ಲ, ಹೊಟ್ಟಿಯೊಳಗ ನಮ್ಮಂಥಾ ಜಠರವೂ ಇಲ್ಲ. ಇಷ್ಟರ ಮ್ಯಾಲೆ ತತ್ತಿ ಇಟ್ಟು, ಮರಿಗೆ ಹಾಲೂ ಕುಡಸ್ತದ!

1797ರಾಗ ಹಾಕ್ಸ್‌ಬರಿ ನದಿ ಹತ್ತಿರದ ಒಂದು ಕೆರಿಯೊಳಗ ಅಲ್ಲಿನ ಮೂಲನಿವಾಸಿ ಒಬ್ಬಾಂವ ಈಟಿಲೆ ಪ್ಲಾಟಿಪಸ್ ಹೊಡಿಯೂದನ್ನ ಗವರ್ನರ್ ಜಾನ್ ಹಂಟರ್ ನಿಂತು ನೋಡಿದ. ಆಮ್ಯಾಲೆ ಅಂಥಾ ಪ್ರಾಣಿಯ ಚರ್ಮ ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನ ವಿದ್ವಾಂಸರ ಸಂಘಕ್ಕ ಕಳಿಸಿದ. ಹಡಗಿನಿಂದ ಇಳಿಸಿದ ಆ ಪೀಪಾಯಿಯನ್ನ ತಲಿಮ್ಯಾಲೆ ಹೊತ್ತು ತಂದಾಕಿ ಒಬ್ಬ ಕೆಲಸದ ಹೆಣ್ಣಮಗಳು, ದಾರ್ಯಾಗ ಪೀಪಾಯಿಯ ತಳ ಕಿತ್ತು ಒಳಗಿನ ಸಾರಾಯಿ ಎಲ್ಲಾ ಆಕಿ ಮೈಮ್ಯಾಲೆ ಸುರೀತು ಅಂತ ಒಂದು ಕಥಿ ಹೇಳ್ತಾರ. ಪ್ರಾಣಿಗೆ ದೊಡ್ಡ ಹೆಸರು ಬಂತು, ಹೊತ್ತ ಆ ತಾಯಿ ಹೆಸರು ಯಾರಿಗೂ ಗೊತ್ತಿಲ್ಲ.

1799ರಾಗ ಬ್ರಿಟಿಷ್ ಮ್ಯೂಸಿಯಮ್ಮಿನ ಜಾರ್ಜ್ ಶಾ ಈ ಪ್ರಾಣಿ ಬಗ್ಗೆ ಬರದ. ಮೊದಲು ಅವಗ ಬಂದದ್ದು ಸಂಶಯನೇ. ಯಾರೋ ಬಾತುಕೋಳಿ ಕೊಕ್ಕನ್ನ ಬ್ಯಾರೆ ಪ್ರಾಣಿ ಚರ್ಮಕ್ಕ ಹೊಲದು ಮೋಸ ಮಾಡ್ಯಾರ ಅಂತ. ಅವನ ಸಂಶಯಕ್ಕೂ ಕಾರಣ ಇತ್ತು. ಮಂಗ್ಯಾನ ಮೈಗೆ ಮೀನಿನ ಬಾಲ ಹೊಲದು, ಇದು ಮತ್ಸ್ಯಕನ್ಯೆ ಅಂತ ನಾವಿಕರಿಗೆ ಮಾರೋ ಧಂದೆ ಆಗ ಪೂರ್ವದ ಕಡೆ ನಡೀತಿತ್ತು. ಕತ್ತರಿ ತಗೊಂಡು ಕೊಕ್ಕಿನ ಸುತ್ತ ಹೊಲಿಗಿ ಹುಡುಕಿದ್ದ ಅಂತಾರ. ಹೊಲಿಗಿ ಸಿಗಲಿಲ್ಲ. ಕಡೀಗೆ ಪ್ಲಾಟಿಪಸ್ ಅಂತ ಹೆಸರಿಟ್ಟ, ಅಂದ್ರ ಚಪ್ಪಟಿ ಪಾದದ್ದು. ಆ ಹೆಸರನ್ನ ಆಗಲೇ ಒಂದು ಹುಳಕ್ಕ ಇಟ್ಟುಬಿಟ್ಟಿದ್ರು. ಹಂಗಾಗಿ ವಿಜ್ಞಾನದ ಪುಸ್ತಕದಾಗ ಇದಕ್ಕ ಆರ್ನಿತೋರಿಂಕಸ್ ಅನ್ನೋ ಹೆಸರು ಬಂತು, ಹಕ್ಕಿ ಮೂತಿಯದು ಅಂತ ಅರ್ಥ. ಮಂದಿ ಬಾಯಾಗ ಮಾತ್ರ ಪ್ಲಾಟಿಪಸ್ಸೇ ಉಳೀತು.

ಪ್ರಾಣಿ ಖರೆ ಅಂತ ಒಪ್ಪಿದ್ರು. ಮುಂದ ಇನ್ನೊಂದು ಜಗಳ ಶುರು ಆತು. ಇದು ಮರಿ ಹಾಕ್ತದೋ, ತತ್ತಿ ಇಡ್ತದೋ? ಫ್ರಾನ್ಸಿನ ಜಾಫ್ರುವಾ ಸೆಂಟ್ ಇಲೇರ್ ತತ್ತಿನೇ ಇಡ್ತದ ಅಂದ. 1820ರ ದಶಕದಾಗ ಜರ್ಮನಿಯ ಮೆಕೆಲ್ ಇದರ ಹೊಟ್ಟಿಮ್ಯಾಲೆ ಹಾಲಿನ ಗ್ರಂಥಿ ಕಂಡುಹಿಡದ. ತತ್ತಿ ಇಡೋದು ಹಾಲು ಕುಡಸ್ತದೇನು ಅಂತ ಜಾಫ್ರುವಾ ಅದನ್ನ ಹಾಲಿನ ಗ್ರಂಥಿನೇ ಅಲ್ಲ ಅಂತ ವಾದಕ್ಕಿಳದ. ಲಂಡನ್ನಿನ ರಿಚರ್ಡ್ ಓವೆನ್ ಹಾಲನ್ನ ಒಪ್ಪಿದ, ಆದ್ರ ತತ್ತಿ ಹೊಟ್ಟ್ಯಾಗೇ ಒಡದು ಮರಿ ಹೊರಗ ಬರ್ತದ ಅಂದ. ಸಾವಿರಾರು ಮೈಲಿ ದೂರ ಕೂತು, ಸಾರಾಯಿಯೊಳಗ ನೆನಸಿದ ಸತ್ತ ಪ್ರಾಣಿ ಕೊಯ್ದು ನೋಡಿ ಮಾಡಿದ ವಾದ ಇದೆಲ್ಲಾ.

ನದಿ ದಂಡಿಮ್ಯಾಲೆ ಹುಟ್ಟಿ ಬೆಳೆದವರು ಏನಂದಿದ್ರು? 1822ರಾಗ ಪ್ಯಾಟ್ರಿಕ್ ಹಿಲ್ ಅನ್ನೋ ಹಡಗಿನ ಡಾಕ್ಟರು ಕುಕುಗಾಂಗ್ ಅನ್ನೋ ಮೂಲನಿವಾಸಿ ಮುಖಂಡನ್ನ ಕೇಳಿ ಬರಕೊಂಡ. ಇದು ಎರಡು ತತ್ತಿ ಇಡ್ತದ, ಹೆಣ್ಣು ಅವುಗಳ ಮ್ಯಾಲೆ ಭಾಳ ದಿವಸ ಕೂಡ್ತದ ಅಂತ ಅಂವ ಹೇಳಿದ್ದ. ತತ್ತಿ ಅಳತಿ ಕೋಳಿ ತತ್ತಿಯಷ್ಟು ಅಂದದ್ದು ಹೊಂದೂದಿಲ್ಲ, ಉಳಿದ ಮುಖ್ಯ ಮಾತು ಖರೆನೇ. ಆ ಮಾತು ಲಂಡನ್ನಿನ ಸಂಘದ ತನಕ ಹೋತು, ಆದ್ರ ಅದರಿಂದ ಜಗಳ ಮುಗೀಲಿಲ್ಲ. 1864ರಾಗ ವಿಕ್ಟೋರಿಯಾದಾಗ ಹಿಡದು ಕಟ್ಟಿಹಾಕಿದ್ದ ಒಂದು ಪ್ಲಾಟಿಪಸ್ ಎರಡು ಮೆತ್ತನ್ನ ತತ್ತಿ ಇಟ್ಟಿತು. ಅಲ್ಲಿಯ ಡಾಕ್ಟರು ಓವೆನ್‌ಗೆ ಪತ್ರ ಬರದ. ಅಂಜಿಕಿಗೆ ಗರ್ಭ ಇಳದಿರಬೇಕು ಅಂತ ಓವೆನ್ ಅದನ್ನೂ ಪಕ್ಕಕ್ಕ ಸರಿಸಿದ. ಕಣ್ಣಮುಂದ ತತ್ತಿ ಇದ್ರೂ ಹಿಂಗಂದ್ರ ಏನ್ ಮಾಡೂದ್ರಿ?

ಅಂತೂ 1884ರಾಗ ಕೇಂಬ್ರಿಡ್ಜಿನ ವಿಲಿಯಂ ಕಾಲ್ಡ್‌ವೆಲ್ ಕ್ವೀನ್ಸ್‌ಲ್ಯಾಂಡಿನ ಬರ್ನೆಟ್ ನದಿ ದಂಡಿಗೆ ಬಿಡಾರ ಹೂಡಿದ. ಹುಡುಕಿ ತಂದು ಕೊಡಲಿಕ್ಕೆ ಅಲ್ಲಿನ ಸುಮಾರು 150 ಮೂಲನಿವಾಸಿಗಳನ್ನ ಹಚ್ಚಿದ. ಆಗಸ್ಟ್‌ದಾಗ ಒಂದು ಹೆಣ್ಣು ಪ್ಲಾಟಿಪಸ್ಸಿಗೆ ಗುಂಡು ಹೊಡದ. ಅದು ಆಗಲೇ ಒಂದು ತತ್ತಿ ಇಟ್ಟಿತ್ತು, ಇನ್ನೊಂದು ಹೊಟ್ಟ್ಯಾಗಿತ್ತು. ಕೆನಡಾದ ಮಾಂಟ್ರಿಯಲ್‌ದಾಗ ಸೇರಿದ್ದ ಬ್ರಿಟಿಷ್ ವಿಜ್ಞಾನಿಗಳ ಸಭೆಗೆ ಬರೇ ನಾಕು ಶಬ್ದದ ತಂತಿ ಹೋತು. ಸೆಪ್ಟೆಂಬರ್ 2ಕ್ಕ ಸಭೆಯೊಳಗ ಅದನ್ನ ಓದಿದ್ರು. ಅದೇ ದಿವಸ ಅಡಿಲೇಡ್‌ದಾಗ ಹಾಕೆ ಅನ್ನಾಂವ, ಪ್ಲಾಟಿಪಸ್ಸಿನ ಬಳಗದ ಮುಳ್ಳುಮೈ ಪ್ರಾಣಿ ಎಕಿಡ್ನಾದ ತತ್ತಿಯ ಸಿಪ್ಪಿ ತೋರಿಸಿದ. ಎಂಬತ್ತೈದು ವರ್ಷದ ಜಗಳ ಒಂದ ದಿವಸದಾಗ ಮುಗೀತು.

ಈ ಕಥಿಯೊಳಗ ನನ್ನ ಹೊಟ್ಟಿ ಉರಿಸಿದ ಮಾತು ಒಂದದ. ಅದನ್ನ ಕಾಲ್ಡ್‌ವೆಲ್ ತಾನೇ ತನ್ನ ವರದಿಯೊಳಗ ಬರದಿಟ್ಟಾನ. ಹೆಣ್ಣು ಎಕಿಡ್ನಾ ತಂದು ಕೊಟ್ಟವರಿಗೆ ಒಂದೊಂದಕ್ಕ ಅರ್ಧ ಕ್ರೌನ್ ಕೊಡ್ತಿದ್ದ. ಅವರಿಗೆ ಹಿಟ್ಟು, ಚಹಾಪುಡಿ, ಸಕ್ಕರಿ ಮಾರಾಂವನೂ ಅವನ. ಅವರು ಹೆಚ್ಚು ಹೆಚ್ಚು ತಂದಂಗ ಹಿಟ್ಟಿನ ರೇಟೂ ಏರಿಸಿದ, ಹೊಟ್ಟಿ ಎಂದೂ ತುಂಬದಂಗ ನೋಡಿಕೊಂಡ. ಹಂಗ ಸಾವಿರಕ್ಕೂ ಮಿಕ್ಕಿ ಎಕಿಡ್ನಾ ಬಿಡಾರಕ್ಕ ಬಂದ್ವು. ಮನ್ಯಾಗ ದುಡಿಯೋರ ಮುಂದ ಹಿಟ್ಟಿನ ಡಬ್ಬಿಗೆ ಕೀಲಿ ಹಾಕೋರನ್ನ ನಾವು ಏನಂತೀವಿ? ತತ್ತಿ ಎಲ್ಲಿರ್ತದ, ಯಾವ ದಿನಮಾನದಾಗ ಇರ್ತದ ಅಂತ ಗೊತ್ತಿದ್ದವರು ಅವರು. ಪುಸ್ತಕದಾಗ ಹೆಸರು ಉಳದದ್ದು ಕಾಲ್ಡ್‌ವೆಲ್ಲಂದು.

ಪರದೇಶದ ಪಂಡಿತರಿಗೆ ಆ ತತ್ತಿ ಸುಲಭಕ್ಕ ಸಿಗದಿದ್ದದ್ದಕ್ಕ ಆ ತಾಯಿ ಪ್ಲಾಟಿಪಸ್ಸಿನ ಜಾಣತನಾನೂ ಕಾರಣ. ಆಕಿ ನದಿ ದಂಡಿಯೊಳಗ ಉದ್ದ ಬಿಲ ತೋಡ್ತಾಳ. ಹಸಿ ಎಲಿ ಬಾಲದೊಳಗ ಮಡಚಿ ಹಿಡಕೊಂಡು ಒಯ್ದು ಹಾಸಿಗಿ ಮಾಡ್ತಾಳ. ಒಳಗ ಹೋಗುವಾಗ ಹಿಂದಿನ ದಾರಿಗೆ ಮಣ್ಣು ಮೆತ್ತತಾಳ. ತತ್ತಿ ಎರಡು ಸೆಂಟಿಮೀಟರಿಗಿಂತ ಸಣ್ಣವು, ಸಿಪ್ಪಿ ಮೆತ್ತಗ. ಹೊಟ್ಟಿ ಮತ್ತು ಬಾಲದ ನಡುವೆ ಇಟ್ಟುಕೊಂಡು ಹತ್ತು ದಿವಸ ಕಾವು ಕೊಡ್ತಾಳ. ಹೊರಗ ಬಂದ ಮರಿ ಅವರಿಕಾಳಿನಷ್ಟು ಇರ್ತದ. ಆಕಿಗೆ ಮೊಲಿತೊಟ್ಟು ಇಲ್ಲ, ಹಾಲು ಬೆವರಿನಂಗ ಚರ್ಮದಿಂದ ಜಿನುಗ್ತದ. ಮರಿ ಅದನ್ನ ಕುಡದು ಮೂರ್ನಾಲ್ಕು ತಿಂಗಳು ಬಿಲದಾಗ ಬೆಳೀತಾವ.

ಶಾ ಕತ್ತರಿಲೆ ಪರೀಕ್ಷಾ ಮಾಡಿದ ಆ ಕೊಕ್ಕಿನ ಗುಟ್ಟು ತಿಳದದ್ದು 1980ರ ದಶಕದಾಗ. ನೀರಾಗ ಮುಳುಗಿದ ಕೂಡಲೆ ಪ್ಲಾಟಿಪಸ್ ಕಣ್ಣು, ಕಿವಿ, ಮೂಗು ಮೂರೂ ಮುಚ್ಚಿಕೊಳ್ತದ. ಕೊಕ್ಕಿನ ಮ್ಯಾಲೆ ವಿದ್ಯುತ್ ತಿಳಿಯೋ ಸುಮಾರು 40,000 ಸೂಕ್ಷ್ಮ ಅಂಗ ಅವ. ಸೀಗಡಿ, ಹುಳ ಸ್ವಲ್ಪ ಅಲುಗಾಡಿದ್ರ ಸಾಕು, ಅವುಗಳ ಸ್ನಾಯುವಿನಿಂದ ಹೊಂಟ ಸಣ್ಣ ವಿದ್ಯುತ್ತು ಇದಕ್ಕ ತಿಳೀತದ. ರಾತ್ರಿ ಕತ್ತಲ್ಯಾಗ, ರಾಡಿ ನೀರಾಗ, ಕಣ್ಣು ಮುಚ್ಚಿಕೊಂಡೇ ಬೇಟೆ! ಸಿಕ್ಕಿದ್ದನ್ನ ಗಲ್ಲದ ಚೀಲದಾಗ ತುಂಬಿಕೊಂಡು, ಮ್ಯಾಲೆ ಬಂದು ಅಗದು ತಿಂತದ.

ಇಂಥಾ ಪ್ರಾಣಿಗೆ ಈಗ ಕುತ್ತು ಬಂದದ. ನದಿಗೆ ಅಣೆಕಟ್ಟು, ಬರಗಾಲ, ಕಾಡಿನ ಬೆಂಕಿ. ಇದರ ಜೊತಿಗೆ ಸೀಗಡಿ ಹಿಡಿಯೋ ಮುಚ್ಚಿದ ಬಲಿ. ಒಳಗ ಹೊಕ್ಕರ ಹೊರಗ ಬರಲಿಕ್ಕೆ ಬರೂದಿಲ್ಲ, ಉಸಿರಿಗೆ ಮ್ಯಾಲೆ ಬರಬೇಕಾದ ಪ್ರಾಣಿ ಅಲ್ಲೇ ಮುಳುಗಿ ಸಾಯ್ತದ. ಅಂಥಾ ಬಲಿಗಳನ್ನ ವಿಕ್ಟೋರಿಯಾದಾಗ 2019ರಾಗ ನಿಷೇಧ ಮಾಡಿದ್ರು. ಕಾಯ್ದೆ ಬಂದದ್ದು ಛಲೋ ಆತು. ಆದ್ರ ಯಾವ ಮಡುವಿನಾಗ ಅದು ಇನ್ನೂ ಅದ, ಎಲ್ಲಿ ಕಾಣವಲ್ದಾತು ಅಂತ ಮೊದಲ ತಿಳಿಯೂದು ದಿನಾ ಆ ನೀರಿನ ಹತ್ತಿರ ಓಡಾಡೋ ಮಂದಿಗೆ. ಅವರು ಬಂದು ಹೇಳಿದಾಗ ಕೇಳಲಿಕ್ಕೆ ಮತ್ತ ಎಂಬತ್ತೈದು ವರ್ಷ ತಗೊಂಡ್ರ, ಅಷ್ಟೊತ್ತಿಗೆ ತತ್ತಿ ಇಡಲಿಕ್ಕೆ ಒಂದೂ ಉಳದಿರೂದಿಲ್ಲ.