ಮೆಟ್ನರನ ಮೂರು ಕನ್ಚೆರ್ಟೋಗಳು ಮತ್ತು ಮೈಸೂರಿನ ಆಶ್ರಯ

ಆಶ್ರಯದಾತರ ವಿಷಯವಾಗಿ ನಮ್ಮ ಸಾಹಿತ್ಯಚರಿತ್ರೆಯಲ್ಲಿ ಬಹಳ ಚರ್ಚೆ ನಡೆದಿದೆ. ಅರಿಕೇಸರಿಯು ಪಂಪನಿಗೆ ಧರ್ಮವುರವೆಂಬ ಅಗ್ರಹಾರವನ್ನು ಕೊಟ್ಟನು. ಪಂಪನು ತನ್ನ ಒಡೆಯನಿಗೂ ಅರ್ಜುನನಿಗೂ ಅಭೇದವನ್ನು ಕಲ್ಪಿಸಿ ಕಾವ್ಯವನ್ನು ರಚಿಸಿದನು. ಇದು ಆಶ್ರಯದ ಒಂದು ಬಗೆ. ಪೊನ್ನನ ಶಾಂತಿಪುರಾಣವು ಲೋಪವಾಗಬಾರದೆಂದು ದಾನಚಿಂತಾಮಣಿ ಅತ್ತಿಮಬ್ಬೆಯು ಅದರ ಒಂದು ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದೂ ಸುಪ್ರಸಿದ್ಧವಾದ ಸಂಗತಿ. ಇದು ಆಶ್ರಯದ ಇನ್ನೊಂದು ಬಗೆ. ಮೊದಲನೆಯದರಿಂದ ಕೃತಿಯು ಹುಟ್ಟುತ್ತದೆ. ಎರಡನೆಯದರಿಂದ ಹುಟ್ಟಿದ ಕೃತಿಯು ಉಳಿಯುತ್ತದೆ. ಈ ಎರಡನ್ನೂ ಬೇರೆಬೇರೆಯಾಗಿ ನೋಡದಿದ್ದರೆ ಚರಿತ್ರೆಯಲ್ಲಿ ತೊಡಕುಂಟಾಗುತ್ತದೆ. ಅಂತಹ ತೊಡಕೊಂದು ಇಪ್ಪತ್ತನೆಯ ಶತಮಾನದ ನಡುಭಾಗದ ಒಂದು ಸಂಗತಿಯಲ್ಲಿ ಸೇರಿಕೊಂಡಿದೆ. ಅದನ್ನು ಬಿಡಿಸುವುದೇ ಈ ಲೇಖನದ ಉದ್ದೇಶ.

ಆ ಸಂಗತಿ ಹೀಗೆ: ರಷ್ಯಾ ದೇಶದ ವಾಗ್ಗೇಯಕಾರನೂ ಪಿಯಾನೊವಾದಕನೂ ಆದ ನಿಕೊಲಾಯ್ ಮೆಟ್ನರನು ತನ್ನ ಮೂರು ಕನ್ಚೆರ್ಟೋಗಳನ್ನೂ ಲಂಡನ್ನಿನಲ್ಲಿ ತಾನೇ ನುಡಿಸಿ ಗ್ರಾಮಫೋನ್ ತಟ್ಟೆಗಳಲ್ಲಿ ಮುದ್ರಿಸಿದನು. ಅದಕ್ಕೆ ಬೇಕಾದ ದ್ರವ್ಯವನ್ನು ಒದಗಿಸಿದವರು ಮೈಸೂರಿನ ಮಹಾರಾಜರಾದ ಶ್ರೀ ಜಯಚಾಮರಾಜ ಒಡೆಯರವರು.

ಸವದತ್ತಿ ಸೀಮೆಯ ಚಚಡಿಯಲ್ಲಿ ಕುಳಿತು, ಪಾಠಶಾಲೆಯಲ್ಲಿ ತರ್ಕವ್ಯಾಕರಣಗಳನ್ನು ಓದಿದ ನನ್ನಂಥವನು ಪಾಶ್ಚಾತ್ಯ ಸಂಗೀತದ ಮಾತೆತ್ತುವುದು ಕೆಲವರಿಗೆ ಅನಧಿಕಾರಚೇಷ್ಟೆಯಾಗಿ ಕಂಡೀತು. ಆ ಸಂಗೀತದ ಗುಣದೋಷಗಳನ್ನು ನಿರ್ಣಯಿಸಲು ನಾನು ಹೊರಟಿಲ್ಲ. ಶಿಷ್ಯನೊಬ್ಬನು ಈ ಮುದ್ರಿಕೆಗಳನ್ನು ತಂದು ಕೇಳಿಸಿದನು. ಹಲವು ಸಲ ಕೇಳಿದೆನು. ಇಲ್ಲಿ ವಿಚಾರಿಸುವುದು ಪಾಠ, ಕರ್ತೃ, ಆಶ್ರಯ, ಕಾಲ ಎಂಬಿವನ್ನು ಮಾತ್ರ. ಇವು ನಮ್ಮ ಶಾಸ್ತ್ರಾಭ್ಯಾಸಕ್ಕೆ ಹೊರತಾದವುಗಳಲ್ಲ.

೧

ಕನ್ಚೆರ್ಟೋ ಎಂಬುದು ಒಂದು ಪ್ರಧಾನ ವಾದ್ಯಕ್ಕೂ ದೊಡ್ಡ ವಾದ್ಯವೃಂದಕ್ಕೂ ನಡೆಯುವ ಸಂವಾದರೂಪವಾದ ಪ್ರಬಂಧ. ವೃಂದದ ಕಲ್ಪನೆ ನಮಗೆ ಹೊಸದಲ್ಲ. ಭರತನು ಕುತಪವನ್ನು ಹೇಳಿದ್ದಾನೆ. ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ಉತ್ತಮ ವೃಂದಕ್ಕೆ ನಾಲ್ವರು ಮುಖ್ಯಗಾಯಕರು, ಎಂಟು ಮಂದಿ ಸಮಗಾಯಕರು, ಹನ್ನೆರಡು ಮಂದಿ ಗಾಯಿಕೆಯರು, ನಾಲ್ವರು ಕೊಳಲಿನವರು, ನಾಲ್ವರು ಮೃದಂಗದವರು ಎಂದು ಲೆಕ್ಕವನ್ನೇ ಕೊಟ್ಟಿದ್ದಾನೆ. ಆದರೆ ನಮ್ಮ ಪದ್ಧತಿಯಲ್ಲಿ ಪಕ್ಕವಾದ್ಯವು ಪ್ರಧಾನವನ್ನು ಅನುಸರಿಸುತ್ತದೆ. ಕನ್ಚೆರ್ಟೋದಲ್ಲಿ ವೃಂದಕ್ಕೆ ಸ್ವತಂತ್ರವಾದ ಮಾತುಂಟು. ಅದು ಒಮ್ಮೆ ಪೂರ್ವಪಕ್ಷವನ್ನು ಹಿಡಿಯುತ್ತದೆ, ಒಮ್ಮೆ ಸಿದ್ಧಾಂತವನ್ನು ತಾನೇ ಹೇಳಿಬಿಡುತ್ತದೆ. ವಾದಿ ಪ್ರತಿವಾದಿಗಳು ಕೂಡಿ ನಡೆಸುವ ವಾಕ್ಯಾರ್ಥದಂತೆ ಇದೆಯೆಂದರೆ ವಾಚಕರಿಗೆ ಸ್ಥೂಲವಾಗಿ ತಿಳಿದೀತು.

ಮೆಟ್ನರನು ಹೊಸ ಗಣನೆಯಂತೆ ೧೮೮೦ನೆಯ ಜನವರಿಯಲ್ಲಿ ಮಾಸ್ಕೋ ನಗರದಲ್ಲಿ ಜನಿಸಿದನು. ಅವನ ಮೊದಲನೆಯ ಕನ್ಚೆರ್ಟೋ ೧೯೧೪ರಿಂದ ೧೯೧೮ರ ವರೆಗಿನ ಯುದ್ಧಕಾಲದಲ್ಲಿ ಸಿದ್ಧವಾಯಿತು. ಇದು ಬಿಡುವಿಲ್ಲದ ಒಂದೇ ಖಂಡವಾಗಿದೆ. ೧೯೨೧ರಲ್ಲಿ ಅವನು ಸ್ವದೇಶವನ್ನು ಬಿಟ್ಟನು. ಎರಡನೆಯ ಕನ್ಚೆರ್ಟೋ ೧೯೨೭ರಲ್ಲಿ ಮುಗಿಯಿತು. ಇದನ್ನು ತನ್ನ ಮಿತ್ರನಾದ ರಾಖ್ಮಾನಿನೋವನಿಗೆ ಅರ್ಪಿಸಿದನು. ಆತನು ತನ್ನ ನಾಲ್ಕನೆಯ ಕನ್ಚೆರ್ಟೋವನ್ನು ಮೆಟ್ನರನಿಗೆ ಅರ್ಪಿಸಿದನು. ಜರ್ಮನಿ, ಫ್ರಾನ್ಸ್ ದೇಶಗಳಲ್ಲಿ ಕೆಲಕಾಲ ಇದ್ದು, ೧೯೩೦ರ ದಶಕದ ನಡುವೆ ಮೆಟ್ನರನು ಲಂಡನ್ನಿನಲ್ಲಿ ನೆಲಸಿದನು. ಎರಡನೆಯ ಮಹಾಯುದ್ಧವು ಮೊದಲಾದ ಮೇಲೆ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಸಂಭಾವನೆ ನಿಂತಿತು. ೧೯೪೨ರಲ್ಲಿ ಹೃದಯದ ವ್ಯಾಧಿ ಕಾಣಿಸಿಕೊಂಡಿತು. ಇಷ್ಟು ಕಷ್ಟದಲ್ಲಿ ಮೂರನೆಯ ಕನ್ಚೆರ್ಟೋ ೧೯೪೩ರಲ್ಲಿ ಪೂರ್ಣವಾಗಿ, ೧೯೪೪ನೆಯ ಫೆಬ್ರವರಿಯಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಕರ್ತೃವಿನ ಕೈಯಿಂದಲೇ ಪ್ರಥಮವಾಗಿ ನುಡಿಸಲ್ಪಟ್ಟಿತು. ಈ ತೇದಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ.

೨

ಶ್ರೀ ಜಯಚಾಮರಾಜ ಒಡೆಯರವರು ೧೯೧೯ನೆಯ ಜುಲೈಯಲ್ಲಿ ಜನಿಸಿದರು. ಎಳೆಯ ವಯಸ್ಸಿನಿಂದಲೂ ಪಿಯಾನೊವನ್ನು ಕ್ರಮವಾಗಿ ಅಭ್ಯಾಸ ಮಾಡಿದರು. ಆ ವಿದ್ಯೆಯಲ್ಲಿಯೇ ಮುಂದುವರಿಯಬೇಕೆಂಬ ಆಸೆ ಅವರಿಗಿತ್ತು. ೧೯೪೦ರಲ್ಲಿ ತಂದೆಯವರಾದ ಯುವರಾಜ ಕಂಠೀರವ ನರಸಿಂಹರಾಜ ಒಡೆಯರವರೂ, ದೊಡ್ಡಪ್ಪಂದಿರಾದ ನಾಲ್ವಡಿ ಕೃಷ್ಣರಾಜ ಒಡೆಯರವರೂ ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡುದರಿಂದ, ಇಪ್ಪತ್ತೊಂದು ವರ್ಷದ ತರುಣರು ಸಿಂಹಾಸನವನ್ನೇರಬೇಕಾಯಿತು. ಸಭೆಯಲ್ಲಿ ನುಡಿಸುವ ಆಸೆ ಅಲ್ಲಿಗೆ ನಿಂತಿತು. ಆದರೂ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಪದವಿಯೂ, ೧೯೪೫ರಲ್ಲಿ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಸದಸ್ಯತ್ವವೂ ಅವರಿಗೆ ದೊರೆತುವು.

ಇದರ ಜೊತೆಯಲ್ಲಿಯೇ ನೋಡಬೇಕಾದ ಇನ್ನೊಂದು ಮುಖವುಂಟು. ೧೯೪೫ರಿಂದ ಮುಂದಿನ ಕೆಲವೇ ವರ್ಷಗಳಲ್ಲಿ ಮಹಾರಾಜರು ‘ಶ್ರೀವಿದ್ಯಾ’ ಎಂಬ ಅಂಕಿತದಿಂದ ಸಂಸ್ಕೃತದಲ್ಲಿ ತೊಂಬತ್ತಕ್ಕೆ ಮಿಕ್ಕ ಕೃತಿಗಳನ್ನು ರಚಿಸಿದರು. ವೈಣಿಕ ವೆಂಕಟಗಿರಿಯಪ್ಪನವರು, ವಾಸುದೇವಾಚಾರ್ಯರು ಮೊದಲಾದ ಆಸ್ಥಾನ ವಿದ್ವಾಂಸರ ಸಹವಾಸದಲ್ಲಿ ಈ ರಚನೆ ನಡೆಯಿತು. ಋಗ್ವೇದವನ್ನೂ ಪುರಾಣಗಳನ್ನೂ ಕನ್ನಡಕ್ಕೆ ತಂದ ಜಯಚಾಮರಾಜೇಂದ್ರ ಗ್ರಂಥರತ್ನಮಾಲೆಯನ್ನು ಈ ಪತ್ರಿಕೆಯ ವಾಚಕರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಸಾಯಣಭಾಷ್ಯವನ್ನು ಕನ್ನಡಿಗರ ಮನೆಗೆ ಮುಟ್ಟಿಸಿದ ಕೈಯೂ, ರಷ್ಯದವನ ಪಿಯಾನೊವನ್ನು ತಟ್ಟೆಗೇರಿಸಿದ ಕೈಯೂ ಒಂದೇ. ಎರಡು ಕೆಲಸಗಳಲ್ಲಿಯೂ ಇರುವ ಪ್ರವೃತ್ತಿ ಒಂದೇ ಎಂಬುದು ನನ್ನ ಅಭಿಪ್ರಾಯ: ದುರ್ಲಭವಾದುದನ್ನು ಸುಲಭವಾಗಿಸುವುದು, ಕಣ್ಮರೆಯಾಗುವುದನ್ನು ನಿಲ್ಲಿಸುವುದು.

೧೯೪೬ರ ಸುಮಾರಿಗೆ ಹೆಚ್.ಎಂ.ವಿ. ಸಂಸ್ಥೆಯ ಮೂಲಕ ‘ಮೆಟ್ನರ್ ಸೊಸೈಟಿ’ಯ ಏರ್ಪಾಡು ನಡೆಯಿತು. ಇಲ್ಲಿ ‘ಸೊಸೈಟಿ’ ಎಂಬ ಮಾತಿಗೆ ವಿವರಣೆ ಬೇಕು. ವಾಲ್ಟರ್ ಲೆಗ್ ಎಂಬಾತನು ೧೯೩೧ರಲ್ಲಿ ಹ್ಯೂಗೋ ವೋಲ್ಫನ ಗೀತಗಳನ್ನು ಮುದ್ರಿಸುವುದಕ್ಕಾಗಿ ಒಂದು ಉಪಾಯವನ್ನು ಕಂಡುಹಿಡಿದಿದ್ದನು. ಐನೂರು ಮಂದಿ ಮುಂದಾಗಿ ಚಂದಾ ಕೊಟ್ಟರೆ ತಟ್ಟೆಗಳನ್ನು ಹೊರಡಿಸುವುದು, ಇಲ್ಲದಿದ್ದರೆ ಇಲ್ಲ. ಬೇಥೋವೆನ್ನನ ಸೊನಾಟಾಗಳನ್ನು ಷ್ನಾಬೆಲನು ನುಡಿಸಿದುದೂ ಇಂತಹ ಚಂದಾಕ್ರಮದಿಂದಲೇ ಹೊರಬಂದಿತು. ಮೆಟ್ನರ್ ಸೊಸೈಟಿಯಲ್ಲಿ ಮಾತ್ರ ಐನೂರು ಮಂದಿಯ ಸ್ಥಾನದಲ್ಲಿ ಒಬ್ಬರೇ ನಿಂತರು. ಹೆಸರು ಸಂಘದ್ದು, ಭಾರ ಒಬ್ಬ ರಾಜರದು.

ಲೆಗ್ ಮೈಸೂರಿಗೆ ಬಂದು ಕೆಲವು ವಾರ ಇದ್ದನು. ಅರಮನೆಯ ಧ್ವನಿಮುದ್ರಿಕೆಗಳ ಭಂಡಾರವನ್ನೂ ದೊಡ್ಡ ಪಿಯಾನೊಗಳನ್ನೂ ಕಂಡು ಬೆರಗಾದುದನ್ನು ಅವನು ತನ್ನ ಸ್ಮರಣೆಗಳಲ್ಲಿ ಹೇಳಿದ್ದಾನೆ. ಮೆಟ್ನರನ ಮುದ್ರಣವಲ್ಲದೆ, ತಾನು ೧೯೪೫ರಲ್ಲಿ ಸ್ಥಾಪಿಸಿದ ಫಿಲ್‌ಹಾರ್ಮೋನಿಯ ವಾದ್ಯವೃಂದಕ್ಕೆ ವರ್ಷಕ್ಕೆ ೧೦,೦೦೦ ಪೌಂಡಿನಂತೆ ಮೂರು ವರ್ಷ ಸಹಾಯಧನ ಕೊಡಲು ಮಹಾರಾಜರು ಒಪ್ಪಿದರೆಂದೂ ಅವನೇ ಬರೆದಿದ್ದಾನೆ. ಇದು ದಾನವನ್ನು ಪಡೆದವನ ಸಾಕ್ಷ್ಯ. ಶಾಸನದಲ್ಲಿ ದಾನಿಯ ಮಾತನ್ನೇ ಓದುವ ರೂಢಿಯುಳ್ಳ ನಮಗೆ ಇದು ವಿಪರೀತಕ್ರಮವಾಗಿ ತೋರಬಹುದು. ಆದರೂ ಪಡೆದವನು ತಾನಾಗಿ ಒಪ್ಪಿಕೊಂಡ ಋಣವು ದಾನಿಯ ಪ್ರಶಸ್ತಿಗಿಂತ ಹೆಚ್ಚು ವಿಶ್ವಾಸಾರ್ಹವೆಂದೇ ಹೇಳಬೇಕು.

೩

ಮುದ್ರಣಕಾರ್ಯವು ೧೯೪೭ರ ಸುಮಾರಿಗೆ ಲಂಡನ್ನಿನ ಆಬಿ ರೋಡಿನಲ್ಲಿ ನಡೆಯಿತು. ಮೊದಲನೆಯ ಕನ್ಚೆರ್ಟೋದಲ್ಲಿ ವಾದ್ಯವೃಂದವನ್ನು ಜಾರ್ಜ್ ವೆಲ್ಡನ್ನನೂ, ಎರಡನೆಯದರಲ್ಲಿಯೂ ಮೂರನೆಯದರಲ್ಲಿಯೂ ರಷ್ಯದವನೇ ಆದ ಇಸ್ಸಾಯ್ ದೊಬ್ರೊವೆನನೂ ನಡೆಸಿದರು. ಮೂರರಲ್ಲಿಯೂ ಫಿಲ್‌ಹಾರ್ಮೋನಿಯ ವೃಂದವೇ ಇದ್ದಿತು.

ಆ ಕಾಲದ ಮುದ್ರಣಕ್ರಮವು ಸುಲಭವಾದುದಲ್ಲ. ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ತಿರುಗುವ ಹನ್ನೆರಡಂಗುಲದ ತಟ್ಟೆಯ ಒಂದು ಮುಖದಲ್ಲಿ ನಾಲ್ಕು ನಿಮಿಷಗಳಿಗೆ ಸ್ವಲ್ಪ ಹೆಚ್ಚಾಗಿ ಮಾತ್ರ ಹಿಡಿಯುತ್ತಿತ್ತು. ಅರ್ಧ ಗಂಟೆಗೆ ಮಿಕ್ಕ ಪ್ರಬಂಧವನ್ನು ಎಂಟು ಹತ್ತು ತುಂಡುಗಳಾಗಿ ಕತ್ತರಿಸಬೇಕು. ಒಂದೊಂದು ತುಂಡನ್ನೂ ತಪ್ಪಿಲ್ಲದೆ ನುಡಿಸಬೇಕು. ನಡುವೆ ಒಂದು ಸ್ವರ ಜಾರಿದರೂ ಆ ಮುಖವನ್ನು ಮೊದಲಿನಿಂದ ನುಡಿಸಬೇಕೇ ಹೊರತು ತಿದ್ದುವ ಉಪಾಯವಿರಲಿಲ್ಲ. ಮೊದಲನೆಯ ಕನ್ಚೆರ್ಟೋ ಬಿಡುವಿಲ್ಲದ ಒಂದೇ ಖಂಡವೆಂದು ಮೇಲೆ ಹೇಳಿದೆ. ಅದನ್ನು ಹೀಗೆ ತುಂಡರಿಸುವುದು ದಂಡಕವನ್ನು ಪಾದಪಾದವಾಗಿ ನಿಲ್ಲಿಸಿ ಓದಿದಂತೆಯೇ ಸರಿ. ಅರವತ್ತೇಳು ವರ್ಷದ ರೋಗಿಯು ಈ ಶ್ರಮವನ್ನು ಸಹಿಸಿ ಮೂರನ್ನೂ ಮುಗಿಸಿದನು. ಮುಂದಿನ ವರ್ಷಗಳಲ್ಲಿ ಕೆಲವು ಗೀತಗಳೂ, ಪಿಯಾನೊ ಪಂಚಕವೊಂದೂ ಮುದ್ರಿತವಾದುವು. ೧೯೫೦ರಲ್ಲಿ ಎಲಿಸಬೆತ್ ಶ್ವಾರ್ಜ್‌ಕೋಫ್ ಎಂಬ ಗಾಯಿಕೆಯು ಹಾಡಿದಾಗ ಪಿಯಾನೊವನ್ನು ಮೆಟ್ನರನೇ ನುಡಿಸಿದನು. ೧೯೫೧ನೆಯ ನವೆಂಬರದಲ್ಲಿ ಅವನು ಕಾಲವಾದನು.

೪

ಇನ್ನು ಪ್ರಕೃತವಾದ ತೊಡಕಿಗೆ ಬರೋಣ. ಮೂರನೆಯ ಕನ್ಚೆರ್ಟೋ ಮೈಸೂರು ಮಹಾರಾಜರಿಗೆ ಅರ್ಪಿತವಾಗಿದೆ. ಇದನ್ನು ಕಂಡವರು ಆ ಕೃತಿಯು ಮಹಾರಾಜರ ಅಪೇಕ್ಷೆಯಿಂದ, ಅವರ ಆಶ್ರಯದಲ್ಲಿ ರಚಿತವಾಯಿತೆಂದು ಊಹಿಸುವುದು ಸಹಜ. ಆದರೆ ಕಾಲಗಣನೆಯು ಇದಕ್ಕೆ ಬಾಧಕವಾಗಿದೆ. ಕೃತಿ ಮುಗಿದುದು ೧೯೪೩ರಲ್ಲಿ. ಸಭೆಯಲ್ಲಿ ನುಡಿಸಿದುದು ೧೯೪೪ರಲ್ಲಿ. ಆಶ್ರಯವು ಮೊದಲಾದುದು ೧೯೪೬ರ ಸುಮಾರಿಗೆ. ಕಾರ್ಯಕ್ಕಿಂತ ಕಾರಣವು ಹಿಂದಿರಬೇಕೆಂಬುದು ತರ್ಕದ ಮೊದಲ ಪಾಠ. ಆದುದರಿಂದ ಅರ್ಪಣೆಯು ಕೃತಜ್ಞತೆಯ ಫಲವೇ ಹೊರತು ಕೃತಿಯ ಹೇತುವಲ್ಲ.

ಕೃತಿಯ ಒಳಗಣ ಸಾಕ್ಷ್ಯವೂ ಇದನ್ನೇ ಹೇಳುತ್ತದೆ. ಲೆರ್ಮೊಂತೋವ್ ಕವಿಯ ಪದ್ಯದಲ್ಲಿ ಬರುವ ಜಲಕನ್ಯೆ ಮತ್ತು ನಿದ್ರಿಸುವ ವೀರನ ಕಥೆ ಇದಕ್ಕೆ ಆಧಾರ. ಭಾರತದ ಛಾಯೆಯಾಗಲಿ ರಾಜಸ್ತುತಿಯಾಗಲಿ ಇದರಲ್ಲಿಲ್ಲ. ಪಂಪನ ಕಾವ್ಯದಿಂದ ಅರಿಕೇಸರಿಯನ್ನು ತೆಗೆದುಹಾಕಿದರೆ ಕಾವ್ಯಶರೀರವೇ ಶಿಥಿಲವಾಗುತ್ತದೆ. ಇಲ್ಲಿ ಅರ್ಪಣೆಯ ಪುಟವನ್ನು ತೆಗೆದರೆ ಒಂದು ಸ್ವರವೂ ಕದಲುವುದಿಲ್ಲ. ಇದರಿಂದ ಮಹಾರಾಜರ ಕೀರ್ತಿಗೆ ಕುಂದಿಲ್ಲ. ತನ್ನನ್ನು ಹೊಗಳದ, ತನಗಾಗಿ ಹುಟ್ಟದ ಕೃತಿಯನ್ನು ಉಳಿಸಿದವನ ದಾನವು ಅತ್ತಿಮಬ್ಬೆಯ ದಾನದ ಜಾತಿಗೆ ಸೇರಿದುದು. ಅದರ ಪುಣ್ಯ ಬೇರೆ, ಪ್ರಾಯಶಃ ಹೆಚ್ಚಿನದು.

ಹಾಗೆ ಉಳಿದುದರ ಬೆಲೆಯೇನು? ಗ್ರಂಥಸಂಪಾದನೆ ಮಾಡುವವರಿಗೆ ಕವಿಯ ಸ್ವಹಸ್ತಪ್ರತಿಯು ದೊರೆತರೆ ಎಷ್ಟು ಸಂತೋಷವೋ ಬಲ್ಲೆವು. ಪಂಪರನ್ನರ ಕೈಬರಹವನ್ನು ನಾವು ಕಾಣೆವು. ಲಿಪಿಕಾರರ ಪರಂಪರೆಯ ಮೂಲಕವೇ ಅವರನ್ನು ಓದುತ್ತೇವೆ. ಕರ್ತೃವೇ ನುಡಿಸಿದ ಮುದ್ರಿಕೆಯು ಸ್ವಹಸ್ತಪ್ರತಿಗೆ ಸಮಾನ. ಒಂದು ಆಕ್ಷೇಪವುಂಟು: ಮುದ್ರಣವು ನಡೆದುದು ವಾರ್ಧಕ್ಯದಲ್ಲಿ, ರೋಗದಲ್ಲಿ, ಮೊದಲನೆಯ ಕೃತಿಯಂತೂ ಮೂವತ್ತು ವರ್ಷಗಳ ಹಿಂದಿನದು, ತಟ್ಟೆಯ ಅಳತೆಯೂ ಲಯವನ್ನು ಬಾಧಿಸಿರಬಹುದು. ಈ ಆಕ್ಷೇಪವು ಯುಕ್ತವೇ. ಆದರೆ ಮುದಿಗೈಯ ಬರಹವೂ ಕವಿಯ ಬರಹವೇ. ಅದನ್ನು ವಿವೇಚಿಸಿ ಓದಬೇಕೇ ಹೊರತು ತಳ್ಳಿಬಿಡಲಾಗದು.

ಎರಡನೆಯ ಆಕ್ಷೇಪವು ಗಂಭೀರವಾದುದು. ೧೯೪೭ನೆಯ ಇಸವಿಯಲ್ಲಿಯೇ ಮೈಸೂರಿನ ಪ್ರಜೆಗಳು ಜವಾಬ್ದಾರಿ ಸರಕಾರಕ್ಕಾಗಿ ಚಳವಳಿ ನಡೆಸಿದರು, ಸೆರೆಮನೆಗಳನ್ನು ತುಂಬಿದರು. ಅಂತಹ ಸಮಯದಲ್ಲಿ ದೂರದೇಶದ ಸಂಗೀತಕ್ಕೆ ಧನವು ಹೋಗಬೇಕಾಗಿತ್ತೇ ಎಂದು ಕೇಳುವವರನ್ನು ನಾವು ಬಾಯಿಮುಚ್ಚಿಸಲಾಗದು. ಚರಿತ್ರಕಾರನು ಎರಡು ಸಂಗತಿಗಳನ್ನೂ ಒಂದೇ ಪುಟದಲ್ಲಿ ಬರೆಯಬೇಕು. ರಾಜ್ಯಾಧಿಕಾರವು ಕೈಬಿಟ್ಟ ಮೇಲೆ ಈ ಬಗೆಯ ಆಶ್ರಯವೂ ನಿಂತಿತು. ಮಹಾರಾಜರು ರಾಜಪ್ರಮುಖರಾಗಿಯೂ ರಾಜ್ಯಪಾಲರಾಗಿಯೂ ಸೇವೆಮಾಡಿ ೧೯೭೪ರಲ್ಲಿ ದಿವಂಗತರಾದರು.

ನಮ್ಮ ಕಡೆಯ ಒಂದು ಮಾತನ್ನು ಹೇಳಿ ಮುಗಿಸುತ್ತೇನೆ. ಮೆಟ್ನರನ ತಟ್ಟೆಯ ಮೇಲಿದ್ದ ನಾಯಿಯ ಗುರುತು ನಮ್ಮ ಸೀಮೆಗೂ ಅಪರಿಚಿತವಲ್ಲ. ಮನಸೂರದ ಮಲ್ಲಿಕಾರ್ಜುನರ, ಹಾನಗಲ್ಲ ಗಂಗೂಬಾಯಿಯವರ ತರುಣಕಂಠಗಳು ೧೯೩೦ರ ದಶಕದಲ್ಲಿ ಅದೇ ಹೆಚ್.ಎಂ.ವಿ. ತಟ್ಟೆಗಳಲ್ಲಿ ನೆಲೆನಿಂತುವು. ಅವರಿಗಿಂತ ಹಿಂದಿನ ತಲೆಮಾರಿನ ಭಾಸ್ಕರಬುವಾ ಬಖಲೆಯವರು ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಪಾಠ ಹೇಳಿ, ಈ ನಾಡಿನ ಕಿವಿಯನ್ನೇ ತಿದ್ದಿ, ೧೯೨೨ರಲ್ಲಿ ತೀರಿಕೊಂಡರು. ಅವರ ಧ್ವನಿಯನ್ನು ಕೇಳುವ ಉಪಾಯ ನಮಗಿಲ್ಲ; ಶಿಷ್ಯರ ಗಾಯನದಿಂದ ಅನುಮಾನಿಸಬೇಕು. ಅನುಮಾನವು ಪ್ರಮಾಣವೇ ಆದರೂ ಪ್ರತ್ಯಕ್ಷವಲ್ಲ. ಮೆಟ್ನರನ ವಿಷಯದಲ್ಲಿ ಲೋಕಕ್ಕೆ ಪ್ರತ್ಯಕ್ಷವು ದೊರೆತಿದೆ. ಅದು ದೊರೆತುದು ಕನ್ನಡನಾಡಿನ ಒಬ್ಬರ ದಾನದಿಂದ. ನಮ್ಮ ಹಳ್ಳಿಗಳಲ್ಲಿ ಇಂದಿಗೂ ಹಾಡುತ್ತಿರುವ ವೃದ್ಧರ ಮುಂದೆ ಇಂತಹ ಕೆಲಸವನ್ನು ಯಾರು ಮಾಡುತ್ತಿದ್ದಾರೆ, ಅಥವಾ ಮಾಡಬೇಕಾದವರು ಯಾರು ಎಂಬುದನ್ನು ವಿದ್ವಾಂಸರು ಆಲೋಚಿಸಬೇಕು.