ಮರುತ್: 147 ವಿಮಾನಗಳು, ಒಂದು ಎಂಜಿನ್ನಿನ ಹುಡುಕಾಟ

ಲ್ಯಾಂಬೋರ್ಗಿನಿ ಮಿಯುರಾ ಅನ್ನೋ ಕಾರಿನ ಹೆಸರು ಕೇಳಿರಬಹುದು. 1966ರಿಂದ 1973ರವರೆಗೆ ಇಟಲಿಯಲ್ಲಿ ತಯಾರಾದದ್ದು, ಒಟ್ಟು ಸುಮಾರು 760 ಮಾತ್ರ. ಅದರಲ್ಲಿ ಪಿ400 ಎಷ್ಟು, ಎಸ್ ಎಷ್ಟು, ಎಸ್‌ವಿ ಎಷ್ಟು ಅಂತ ಬೆರಳು ಮಡಚಿ ಲೆಕ್ಕ ಹೇಳೋ ಹುಚ್ಚರು ಪ್ರಪಂಚದ ತುಂಬಾ ಇದ್ದಾರೆ. ಆರ್.ಟಿ. ನಗರದಲ್ಲಿರುವ ನನ್ನ ಗೆಳೆಯನೂ ಅವರಲ್ಲೊಬ್ಬ. ಅವನ ಲೆಕ್ಕ ಎಲ್ಲಾ ಕೇಳಿದ ಮೇಲೆ ನಾನು ಒಂದೇ ಪ್ರಶ್ನೆ ಕೇಳಿದೆ: "ಮಾರಾಯಾ, ನಮ್ಮ ಬೆಂಗಳೂರಲ್ಲೇ ಹುಟ್ಟಿದ, ಇದಕ್ಕಿಂತ ಅಪರೂಪದ, ಇದಕ್ಕಿಂತ ನಾಲ್ಕು ಪಟ್ಟು ವೇಗದ ಯಂತ್ರ ಒಂದಿದೆ. ಅದು ಎಷ್ಟು ತಯಾರಾಯ್ತು, ಹೇಳು?" ಅವನಿಗೆ ಗೊತ್ತಿರಲಿಲ್ಲ.

ಉತ್ತರ 147. ಯಂತ್ರದ ಹೆಸರು ಎಚ್‌ಎಫ್-24 ಮರುತ್. (ಮಾರುತಿ ಅಲ್ಲ, ಮರುತ್! ಹೆಸರು ಹೇಳಿದಾಗಲೆಲ್ಲ "ಮಾರುತಿ 800ಆ?" ಅಂತ ಕೇಳುವವರಿದ್ದಾರೆ.) ಭಾರತದಲ್ಲೇ ವಿನ್ಯಾಸಗೊಂಡು ತಯಾರಾದ ಮೊದಲ ಜೆಟ್ ಯುದ್ಧವಿಮಾನ.

ನಾವು ಯಲಹಂಕದ ಕಡೆಯವರಿಗೆ ವಿಮಾನದ ಸದ್ದು ಹೊಸದೇನಲ್ಲ. 1996ರಲ್ಲಿ ಇಲ್ಲಿನ ವಾಯುನೆಲೆಯಲ್ಲಿ ಏರ್ ಶೋ ಶುರುವಾಯಿತು; ಶೋ ನಡೆಯುವ ದಿನಗಳಲ್ಲಿ ಈಗ ಹೆಬ್ಬಾಳದ ಫ್ಲೈಓವರ್ ಮೇಲೆ ಬೈಕು ನಿಲ್ಲಿಸಿ ಕತ್ತೆತ್ತಿ ನೋಡುವವರ ಸಾಲೇ ಇರುತ್ತದೆ. ರಷ್ಯಾದ್ದು, ಫ್ರಾನ್ಸಿನದ್ದು, ಅಮೆರಿಕದ್ದು ಎಲ್ಲದರ ಹೆಸರೂ ನಮ್ಮ ಹುಡುಗರ ಬಾಯಲ್ಲಿದೆ. ಈಗ ತೇಜಸ್ ಕೂಡ ಇದೆ. ಮರುತ್ ಮಾತ್ರ ಯಾರ ಬಾಯಲ್ಲೂ ಇಲ್ಲ. ಇದು ಹುಟ್ಟಿದ್ದು ಊರಿನ ಇನ್ನೊಂದು ತುದಿಯಲ್ಲಿ, ಪೂರ್ವದ ಎಚ್‌ಎಎಲ್ ಕಾರ್ಖಾನೆಯಲ್ಲಿ.

ಮೊದಲು ಲೆಕ್ಕ ನೋಡೋಣ. 147ರಲ್ಲಿ 18 ಎರಡು ಸೀಟಿನ ತರಬೇತಿ ವಿಮಾನಗಳು, ಉಳಿದ 129 ಒಂದು ಸೀಟಿನವು. ಇಲ್ಲೊಂದು ಗೊಂದಲಕ್ಕೆ ಜಾಗವಿದೆ. ಸರಣಿ ತಯಾರಿಕೆ ಶುರುವಾಗುವ ಮುಂಚೆ ಪರೀಕ್ಷೆಗೆಂದು ಕಟ್ಟಿದ ವಿಮಾನಗಳೂ 18. ಆ ಹದಿನೆಂಟೇ ಬೇರೆ, ಈ ಹದಿನೆಂಟೇ ಬೇರೆ. ಎರಡನ್ನೂ ಕಲಸಿಬಿಟ್ಟರೆ ಲೆಕ್ಕ ಕೆಡುತ್ತದೆ. ಇನ್ನು 1959ರಲ್ಲಿ ಹಾರಿದ ಮರದ ಗ್ಲೈಡರ್ ಎಕ್ಸ್-241 ಈ ಪಟ್ಟಿಗೆ ಸೇರುವುದೇ ಇಲ್ಲ. ಅದಕ್ಕೆ ಎಂಜಿನ್ ಇರಲಿಲ್ಲ. ಡಕೋಟಾ ವಿಮಾನ ಹಗ್ಗ ಕಟ್ಟಿ ಎಳೆದುಕೊಂಡು ಹೋಗಿ ಮೇಲೆ ಬಿಡುತ್ತಿತ್ತು. ನಿಜವಾದ ವಿಮಾನದ್ದೇ ಆಕಾರ, ಅದೇ ಅಳತೆ. ಹೀಗೆ 78 ಸಲ ಹಾರಿಸಿ ನೋಡಿದರು. ನನಗೆ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ ಇದು. ಕೈಯಲ್ಲಿ ಏನೂ ಇಲ್ಲದವರು ಬಡಗಿ ಕೆಲಸದಿಂದ ಜೆಟ್ ಯುಗಕ್ಕೆ ಕಾಲಿಟ್ಟದ್ದು!

ವಿನ್ಯಾಸಕಾರ ಕುರ್ಟ್ ಟ್ಯಾಂಕ್. ಎರಡನೇ ಮಹಾಯುದ್ಧದ ಫೋಕ್-ವುಲ್ಫ್ 190 ವಿಮಾನದ ಕರ್ತೃ. ಯುದ್ಧದ ನಂತರ ಅರ್ಜೆಂಟೀನಾಕ್ಕೆ ಹೋಗಿ ಅಲ್ಲಿಯೂ ಜೆಟ್ ಮಾಡಿದ, 1956ರಲ್ಲಿ ಬೆಂಗಳೂರಿಗೆ ಬಂದ. ವಾಯುಪಡೆ ಕೇಳಿದ್ದು ಸಾಮಾನ್ಯ ವಿಮಾನವನ್ನಲ್ಲ. ಶಬ್ದದ ಎರಡು ಪಟ್ಟು ವೇಗ, 60,000 ಅಡಿ ಎತ್ತರ. 1961ರ ಜೂನ್ 17ರಂದು ಮೊದಲ ಮಾದರಿ ಹಾರಿತು. ಹಾರಿಸಿದವರು ವಿಂಗ್ ಕಮಾಂಡರ್ ಸುರಂಜನ್ ದಾಸ್.

ವಿಮಾನವೇನೋ ಚೂಪಾಗಿ, ಸುಂದರವಾಗಿ ಬಂತು. ಎಂಜಿನ್? ಅಲ್ಲಿಂದಲೇ ಗೋಳು ಶುರು. ಬ್ರಿಟನ್ನಿನ ಬ್ರಿಸ್ಟಲ್ ಕಂಪನಿಯ ಆರ್ಫಿಯಸ್ 12 ಬರುತ್ತದೆ ಎಂದು ನಂಬಿ ವಿನ್ಯಾಸ ಮಾಡಿದ್ದರು. ಆಫ್ಟರ್‌ಬರ್ನರ್ ಹಚ್ಚಿದರೆ ಒಂದೊಂದೂ ಸುಮಾರು 3,700 ಕೆ.ಜಿ. ತಳ್ಳುಬಲ ಕೊಡಬೇಕಿತ್ತು. (ಆಫ್ಟರ್‌ಬರ್ನರ್ ಎಂದರೆ ಎಂಜಿನ್ನಿನಿಂದ ಹೊರಬೀಳುವ ಬಿಸಿಗಾಳಿಗೆ ಕೊಳವೆಯಲ್ಲೇ ಮತ್ತೆ ಇಂಧನ ಸುರಿದು ಉರಿಸುವುದು.) ಬೇರೆ ಗಿರಾಕಿಗಳಿಲ್ಲದ ಕಾರಣ, ಅದನ್ನು ಅಭಿವೃದ್ಧಿಪಡಿಸುವ ಖರ್ಚು ನೀವೇ ಹಾಕಿ ಅಂದರು. ನಮ್ಮ ಸರ್ಕಾರ ಒಪ್ಪಲಿಲ್ಲ. ಹಾಗಾಗಿ ಸದ್ಯಕ್ಕೆ ಇರಲಿ ಎಂದು ಹಾಕಿದ್ದು ಆರ್ಫಿಯಸ್ 703. ಒಂದೊಂದರ ಬಲ 2,200 ಕೆ.ಜಿ., ಆಫ್ಟರ್‌ಬರ್ನರ್ ಇಲ್ಲ. ಆ "ಸದ್ಯಕ್ಕೆ" ಅನ್ನೋದು ಕೊನೆತನಕ ಹಾಗೇ ಉಳಿಯಿತು.

ಆದ್ದರಿಂದ ಮರುತ್‌ನ ಮಾದರಿಗಳ ಪಟ್ಟಿ ಓದುವ ರೀತಿಯೇ ಬೇರೆ. ಮಿಯುರಾದಲ್ಲಿ ಎಸ್, ಎಸ್‌ವಿ ಎಂದರೆ ಇದ್ದದ್ದನ್ನು ಇನ್ನಷ್ಟು ಚೆನ್ನಾಗಿ ಮಾಡಿದ್ದು. ಇಲ್ಲಿ ತರಬೇತಿಯ ಮಾದರಿಯೊಂದನ್ನು ಬಿಟ್ಟು ಉಳಿದ ಹೊಸ ಹೆಸರುಗಳೆಲ್ಲ ಎಂಜಿನ್ ಹುಡುಕಿದ ಗುರುತುಗಳು. ವಾಯುಪಡೆಗೆ ಹೋದದ್ದು ಮಾರ್ಕ್ 1. ಮಾರ್ಕ್ 1ಎ ಎಂದರೆ ಅದೇ ಆರ್ಫಿಯಸ್‌ಗೆ ಬೆಂಗಳೂರಲ್ಲೇ ಆಫ್ಟರ್‌ಬರ್ನರ್ ಜೋಡಿಸಿ ನೋಡಿದ ಪ್ರಯೋಗ.

ಮಾರ್ಕ್ 1ಬಿಎಕ್ಸ್ ಕಥೆ ಸಿನಿಮಾ ಮಾಡುವಂಥದ್ದು. ಆಗ ನಾಸರ್ ಅವರ ಈಜಿಪ್ಟ್ ಕೂಡ ಸ್ವಂತ ಯುದ್ಧವಿಮಾನ ಮಾಡುತ್ತಿತ್ತು, ಹೆಲ್ವಾನ್ ಎಚ್‌ಎ-300. ಅದರ ವಿನ್ಯಾಸ ವಿಲಿ ಮೆಸರ್ಶ್ಮಿಟ್‌ದು, ಇ-300 ಎಂಜಿನ್ ಆಸ್ಟ್ರಿಯಾದ ಬ್ರಾಂಡ್ನರ್‌ದು. ಅವರಿಗೆ ವಿಮಾನ ಹಾರಿಸಿ ನೋಡುವವರು ಬೇಕಿತ್ತು, ನಮಗೆ ಎಂಜಿನ್ ಬೇಕಿತ್ತು. ಎಚ್‌ಎ-300ನ್ನು 1964ರ ಮಾರ್ಚ್ 7ರಂದು ಮೊದಲು ಹಾರಿಸಿದ್ದೇ ನಮ್ಮ ವಾಯುಪಡೆಯ ಕಪಿಲ್ ಭಾರ್ಗವ. ಆಮೇಲೆ ಒಂದು ಮರುತ್ ಈಜಿಪ್ಟಿಗೆ ಹೋಯಿತು. ಒಂದು ಕಡೆ ಆರ್ಫಿಯಸ್, ಇನ್ನೊಂದು ಕಡೆ ಇ-300. ಒಂದೇ ಗಾಡಿಗೆ ಎರಡು ತಳಿಯ ಎತ್ತು ಕಟ್ಟಿದ ಹಾಗೆ! 1967ರ ಮಾರ್ಚ್‌ನಲ್ಲಿ ಅದು ಹಾರಿತು ಕೂಡ. ಆದರೆ ಅದೇ ಜೂನ್‌ನಲ್ಲಿ ಇಸ್ರೇಲ್ ಜೊತೆ ಯುದ್ಧ ಬಂತು, 1969ರಲ್ಲಿ ಈಜಿಪ್ಟ್ ಇಡೀ ಯೋಜನೆಯನ್ನೇ ಕೈಬಿಟ್ಟಿತು. ಅಷ್ಟರಲ್ಲಿ ಟ್ಯಾಂಕ್ ಕೂಡ 1967ರಲ್ಲಿ ಎಚ್‌ಎಎಲ್ ಬಿಟ್ಟಾಗಿತ್ತು.

ಉಳಿದದ್ದು ಮಾರ್ಕ್ 1ಆರ್. ಎರಡೂ ಎಂಜಿನ್ನಿಗೆ ಆಫ್ಟರ್‌ಬರ್ನರ್. ಅದಕ್ಕಾಗಿ ವಿಮಾನದ ಹಿಂಭಾಗ ದಪ್ಪವಾಗಬೇಕಾಯಿತು, ದಪ್ಪವಾದರೆ ಗಾಳಿಯ ತಡೆ ಹೆಚ್ಚುತ್ತದೆ, ಗಳಿಸಿದ ಬಲದ ದೊಡ್ಡ ಪಾಲು ಅಲ್ಲೇ ಸೋರಿಹೋಗುತ್ತದೆ. 1970ರ ಜನವರಿ 10ರಂದು ಈ ಮಾದರಿಯ ವಿಮಾನ ಬೆಂಗಳೂರಲ್ಲೇ ಅಪಘಾತಕ್ಕೀಡಾಯಿತು. ತೀರಿಕೊಂಡವರು ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್, ಒಂಬತ್ತು ವರ್ಷ ಮೊದಲು ಮೊದಲ ಮರುತ್ ಹಾರಿಸಿದ್ದ ಅದೇ ಕೈ. ಅದೇ ವರ್ಷ ಅವರಿಗೆ ಪದ್ಮಭೂಷಣ ಕೊಟ್ಟರು. ಸುರಂಜನ್ ದಾಸ್ ರಸ್ತೆಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಶಾಪ ಹಾಕುವ ಎಷ್ಟು ಜನಕ್ಕೆ ಆ ಹೆಸರು ಯಾರದೆಂದು ಗೊತ್ತೋ...

ತರಬೇತಿಯ ಮಾರ್ಕ್ 1ಟಿ ಹಾರಿದ್ದು ಅದೇ 1970ರ ಏಪ್ರಿಲ್ 30ರಂದು. ಹೊಟ್ಟೆಯೊಳಗಿನ ರಾಕೆಟ್ ಪೆಟ್ಟಿಗೆ ತೆಗೆದು ಆ ಜಾಗದಲ್ಲಿ ಎರಡನೇ ಸೀಟು ಇಟ್ಟರು. ಎಪ್ಪತ್ತರ ದಶಕದಲ್ಲಿ ಎಚ್‌ಎಫ್-73 ಅಂತ ಇನ್ನೊಂದು ಯೋಚನೆ ಬಂತು, ಆರ್‌ಬಿ199 ಎಂಜಿನ್ ಹಾಕುವ ಲೆಕ್ಕ. ಅದು ಕಾಗದದ ಮೇಲೇ ಉಳಿಯಿತು.

ಇಷ್ಟಾದ ಮೇಲೆ ಮರುತ್ ಅನ್ನು ಸೋತ ವಿಮಾನ ಎನ್ನುವವರಿದ್ದಾರೆ. ಶಬ್ದದ ಎರಡು ಪಟ್ಟು ವೇಗ ಕೇಳಿದ್ದಕ್ಕೆ, ಬಂದದ್ದು ಶಬ್ದದ ವೇಗದ ಆಸುಪಾಸು. ಆ ಲೆಕ್ಕದಲ್ಲಿ ಅವರು ಹೇಳುವುದು ಸರಿ. ನಾನು ಪೂರ್ತಿ ಒಪ್ಪುವುದಿಲ್ಲ. ನೆಲಕ್ಕೆ ಹತ್ತಿರವಾಗಿ ಹಾರಿ ದಾಳಿ ಮಾಡುವುದಕ್ಕೆ ಅದು ಒಳ್ಳೆಯ ವಿಮಾನವಾಗಿತ್ತು. 10, 220, ಆಮೇಲೆ 31, ಹೀಗೆ ಮೂರು ಸ್ಕ್ವಾಡ್ರನ್‌ಗಳು ಹಾರಿಸಿದವು. 1971ರ ಯುದ್ಧದಲ್ಲಿ ರಾಜಸ್ಥಾನ, ಸಿಂಧ್ ಗಡಿಯಲ್ಲಿ ದಾಳಿ ಮಾಡಿದ ಮರುತ್‌ಗಳಲ್ಲಿ ಒಂದನ್ನೂ ಶತ್ರುವಿಮಾನ ಹೊಡೆದುರುಳಿಸಲಿಲ್ಲ. ನೆಲದ ಗುಂಡಿಗೆ ಕೆಲವು ಬಿದ್ದವು, ಒಂದು ಎಂಜಿನ್ ಕೆಟ್ಟರೂ ಇನ್ನೊಂದರಲ್ಲಿ ಮನೆ ಸೇರಿದವೂ ಉಂಟು. ಡಿಸೆಂಬರ್ 7ರಂದು ಸ್ಕ್ವಾಡ್ರನ್ ಲೀಡರ್ ಕೆ.ಕೆ. ಬಕ್ಷಿ ಮರುತ್‌ನಿಂದಲೇ ಪಾಕಿಸ್ತಾನದ ಸೇಬರ್ ಒಂದನ್ನು ಬೀಳಿಸಿದರು.

ಅಂದ ಹಾಗೆ ಇಟಲಿಗೂ ಮರುತ್‌ಗೂ ಒಂದು ನಂಟಿದೆ. ಫಿಯೆಟ್ ಕಂಪನಿಯ ಜಿ.91 ಯುದ್ಧವಿಮಾನಕ್ಕೂ ಇದೇ ಆರ್ಫಿಯಸ್ ಕುಟುಂಬದ ಎಂಜಿನ್, ಅದರಲ್ಲಿ ಒಂದೇ. ನ್ಯಾಟೋ ಬೆಂಬಲವಿದ್ದ ಅದು 700ಕ್ಕೂ ಹೆಚ್ಚು ತಯಾರಾಯಿತು. ಇನ್ನೂ ಬಲ ಬೇಕು ಅನ್ನಿಸಿದಾಗ ಇಟಲಿಯವರು ಅಮೆರಿಕದ ಜೆ85 ಎಂಜಿನ್ ಎರಡನ್ನು ಆಫ್ಟರ್‌ಬರ್ನರ್ ಸಮೇತ ತಂದು ಹಾಕಿ ಜಿ.91ವೈ ಮಾಡಿಕೊಂಡರು. 1966ರಲ್ಲಿ ಅದು ಹಾರಿಯೇಬಿಟ್ಟಿತು. ಅವರು ಕೇಳಿದರು, ಸಿಕ್ಕಿತು. ಯಾವ ಗುಂಪಿಗೂ ಸೇರದ ನಾವು ಲಂಡನ್, ಮಾಸ್ಕೋ, ಕೈರೋ ಸುತ್ತಿದೆವು. ಮಾಸ್ಕೋದಿಂದ ಸಿಕ್ಕಿದ್ದು ಎಂಜಿನ್ ಅಲ್ಲ, ಇಡೀ ಮಿಗ್-21. ಅದು ಬಂದ ಮೇಲೆ ಮರುತ್‌ಗೆ ದುಡ್ಡು ಹಾಕುವ ಉತ್ಸಾಹ ಯಾರಿಗಿರುತ್ತದೆ ಹೇಳಿ?

1970ರ ದಶಕದ ಕೊನೆಯ ಹೊತ್ತಿಗೆ ತಯಾರಿಕೆ ನಿಂತಿತು, ಎಂಬತ್ತರ ದಶಕದಲ್ಲಿ ಸ್ಕ್ವಾಡ್ರನ್‌ಗಳಿಂದಲೂ ಹೊರಬಿತ್ತು. ಹಾರುವ ಸ್ಥಿತಿಯಲ್ಲಿ ಇವತ್ತು ಒಂದೂ ಇಲ್ಲ. ನಿಂತಿರುವುದನ್ನು ನೋಡಬೇಕೆಂದರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೋ ಹಳೇ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ಹೆರಿಟೇಜ್ ಸೆಂಟರಿಗೋ ಹೋಗಿ. ಮುಂಬೈಯ ನೆಹರೂ ವಿಜ್ಞಾನ ಕೇಂದ್ರದಲ್ಲೂ ಇದೆ, ಜರ್ಮನಿಯ ಮ್ಯೂನಿಕ್ ಹತ್ತಿರದ ಶ್ಲೈಸ್‌ಹೈಮ್‌ನಲ್ಲೂ ಒಂದಿದೆ. ಹೋದಾಗ ಮೊದಲು ಸೀಟು ಒಂದೋ ಎರಡೋ ನೋಡಿ, ಆಮೇಲೆ ಹಿಂದೆ ಹೋಗಿ ಬಾಲದ ಕೆಳಗಿನ ಎರಡು ಕೊಳವೆ ನೋಡಿ. ಅಷ್ಟು ದೊಡ್ಡ ವಿಮಾನಕ್ಕೆ ಅವು ಎಷ್ಟು ಸಣ್ಣವು ಅಂತ ನಿಮಗೇ ಅನ್ನಿಸುತ್ತದೆ.